ಸಂಜೆ ಐದರ ಕೂಲಿ

ಬೆಳಿಗ್ಗೆ ಏಳೂವರೆಗೆಲ್ಲ ಬೀದರ್‌ನ ಕೂಲಿ ಅಡ್ಡಾ ತುಂಬಿರುತ್ತದೆ. ಗಂಡಸರ ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಥಾಪಿ. ಹೆಂಗಸರ ಬಗಲಲ್ಲಿ ಖಾಲಿ ಪುಟ್ಟಿ, ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ. ಮೋಟರ್‌ಸೈಕಲ್ ಒಂದು ಬಂದು ನಿಂತರೆ ಇಪ್ಪತ್ತು ಮಂದಿ ಸುತ್ತುವರಿಯುತ್ತಾರೆ. ಬಂದವನು ಮುಖ ನೋಡುವುದಿಲ್ಲ, ತೋಳು ನೋಡುತ್ತಾನೆ. ಬೆರಳು ಮಾಡಿ ಮೂವರನ್ನು ಕರೆದುಕೊಂಡು ಹೋಗುತ್ತಾನೆ. ಹನ್ನೊಂದು ವರ್ಷ ನಾನು ಆ ಅಡ್ಡಾದ ಮಗ್ಗುಲಲ್ಲೇ ನಿಂತು ಶಾಲೆಯ ಆಟೋಕ್ಕೆ ಕಾದಿದ್ದೇನೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ ಮರಳುವಾಗಲೂ ಕೆಲವರು ಅಲ್ಲೇ ಇರುತ್ತಿದ್ದರು. ಹೆಚ್ಚುಕಡಿಮೆ ಅವೇ ಮುಖಗಳು: ತಲೆ ಬೆಳ್ಳಗಾದವರು, ಒಂದು ಕಾಲೆಳೆದು ನಡೆಯುವ ಒಬ್ಬ, ಸೆರಗಿನೊಳಗೆ ಕೂಸಿದ್ದ ಒಬ್ಬ ತಾಯಿ.

ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರ ಮೆಥೋಡಿಸ್ಟ್ ಮನೆತನ ನಮ್ಮದು. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದವರು. ಬಿ.ಎಡ್. ಮುಗಿಸಿದ ಮೇಲೆ 27 ವರ್ಷ ನಾನು ಕಥೋಲಿಕರ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಮೊದಲು ಔರಾದ್ ಕಡೆ, ಆಮೇಲೆ ಭಾಲ್ಕಿ, ಕೊನೆಗೆ ಬೀದರ್. ನಮ್ಮ ಜಿಲ್ಲೆಯ ಕ್ರೈಸ್ತರಲ್ಲಿ ಬಹುಪಾಲು ನಮ್ಮಂಥವರೇ, ದಲಿತ ಕೇರಿಗಳಿಂದ ಬಂದ ಮೆಥೋಡಿಸ್ಟರು. ಕಥೋಲಿಕರು ಕಡಿಮೆ. 2005ರಲ್ಲಿ ಕಲಬುರಗಿ ಧರ್ಮಪ್ರಾಂತ್ಯ ಹೊಸದಾಗಿ ರೂಪುಗೊಂಡಾಗ ಬೀದರ್ ಅದರ ಪಾಲಿಗೆ ಬಂತು. ಇಲ್ಲಿಗೆ ಬರುವ ಪಾದ್ರಿಗಳಲ್ಲಿ, ಸಿಸ್ಟರುಗಳಲ್ಲಿ ಹಲವರು ಕರಾವಳಿಯವರು, ಕೇರಳದವರು. ತಾಯಿಯ ಹತ್ತಿರ ಕೊಂಕಣಿ, ಮಲಯಾಳ ಆಡಿ ಬೆಳೆದವರು ಬಂದ ಎರಡೇ ವರ್ಷಕ್ಕೆ ‘ಹೋಗ್ಲತ್ತೀನ್ರಿ, ಬರ್ಲತ್ತೀನ್ರಿ’ ಅನ್ನತೊಡಗುತ್ತಾರೆ, ಜೋಳದ ರೊಟ್ಟಿಗೆ ಹೊಂದಿಕೊಳ್ಳುತ್ತಾರೆ. ಕಬ್ಬು ಕಡಿಯಲು ಗಂಟುಮೂಟೆ ಕಟ್ಟಿ ಹೊರಟಿದ್ದ ತಂದೆತಾಯಿಯ ಮುಂದೆ ತಾಂಡಾದ ಕೆಸರಿನಲ್ಲಿ ಕೂತು, ‘ಹುಡುಗಿನ್ನ ಬಿಟ್ಟ್ ಹೋಗ್ರಿ, ನಾವು ನೋಡ್ಕೋತೀವಿ’ ಎಂದು ಅಂಗಲಾಚಿದ ಸಿಸ್ಟರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಜೊತೆ ದುಡಿದದ್ದರಿಂದಲೇ ಈ ಪ್ರಶ್ನೆ ನನ್ನೊಳಗೆ ಬೆಳೆಯಿತು: ಇಂಥ ಶಾಲೆಯಲ್ಲಿ ಸಾಮಾಜಿಕ ನ್ಯಾಯ ಕಲಿಸುವುದೆಂದರೆ ಏನು? ಅದನ್ನು ಯಾವ ಪಿರಿಯಡ್‌ನಲ್ಲಿ ಕಲಿಸಬೇಕು, ಯಾರಿಗೆ?

ಪಿರಿಯಡ್‌ನ ಮಾತು ಸುಮ್ಮನೆ ತಂದಿಲ್ಲ. ವಾರಕ್ಕೊಮ್ಮೆ ನಮ್ಮ ತರಗತಿ ಎರಡಾಗಿ ಒಡೆಯುತ್ತಿತ್ತು. ಐವತ್ತು ಮಕ್ಕಳಲ್ಲಿ ನಾಲ್ಕೋ ಐದೋ ಕಥೋಲಿಕ ಮಕ್ಕಳು ಸಿಸ್ಟರ್ ಹಿಂದೆ ಧರ್ಮೋಪದೇಶದ ತರಗತಿಗೆ ಹೋಗುತ್ತಿದ್ದರು. ಉಳಿದವರು ಲಿಂಗಾಯತರು, ಮರಾಠರು, ಮುಸ್ಲಿಮರು, ಲಂಬಾಣಿಗರು, ನಮ್ಮ ಕೇರಿಯವರು. ಅವರಿಗೆ ‘ಮಾರಲ್ ಸೈನ್ಸ್’. ಅದನ್ನು ತೆಗೆದುಕೊಳ್ಳುತ್ತಿದ್ದವಳು ನಾನು. ಕೂಲಿ, ಆಸ್ತಿ, ಬಡವರ ಹಕ್ಕು ಇವುಗಳ ಬಗ್ಗೆ ಕಥೋಲಿಕ ಸಭೆ ನೂರು ವರ್ಷಕ್ಕೂ ಮಿಗಿಲಾಗಿ ಹೇಳಿಕೊಂಡು ಬಂದದ್ದು ಬಹಳ ಇದೆ. 1891ರಲ್ಲೇ ಪೋಪ್ ಹದಿಮೂರನೇ ಲಿಯೋ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ, ಆಳು ಒಪ್ಪಿಕೊಂಡಿದ್ದಾನೆ ಎಂಬ ಮಾತ್ರಕ್ಕೆ ಅವನ ಹೊಟ್ಟೆ ಹೊರೆಯದ ಕೂಲಿ ನ್ಯಾಯವಾಗುವುದಿಲ್ಲ ಎಂದು ಬರೆದರು. 1971ರಲ್ಲಿ ರೋಮಿನಲ್ಲಿ ಸೇರಿದ ಬಿಷಪ್ಪರ ಸಿನೋದು, ನ್ಯಾಯಕ್ಕಾಗಿ ದುಡಿಯುವುದು ಸುವಾರ್ತೆ ಸಾರುವುದರದೇ ಒಂದು ಅಂಗ ಎಂದಿತು. ಇದೆಲ್ಲ ಆ ನಾಲ್ಕು ಮಕ್ಕಳ ಜೊತೆ ಬಾಗಿಲು ದಾಟಿ ಹೋಗುತ್ತಿತ್ತು. ನಮ್ಮ ಪುಸ್ತಕದಲ್ಲಿ ಉಳಿದದ್ದು ಉಗುರು ಕತ್ತರಿಸು, ಹಿರಿಯರಿಗೆ ನಮಸ್ಕರಿಸು, ಸುಳ್ಳು ಹೇಳಬೇಡ.

ಸುಳ್ಳು ಹೇಳಬೇಡ ಎಂಬ ಪಾಠ ಮಾಡುವಾಗಲೆಲ್ಲ ನನ್ನ ಬಾಯಿ ಒಣಗುತ್ತಿತ್ತು. ನನಗೇ ಎರಡು ಹೆಸರು. ಚರ್ಚಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತೆರೆಯಿತು, ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಲಿಲ್ಲ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಗೋಡೆ ತೆಗೆಯಿರಿ ಎಂದಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ಬಂತು. ಊರಿನವರಿಗೆ ಮಾತ್ರ ನಮ್ಮ ಜಾತಿಯ ಬಗ್ಗೆ ಯಾವತ್ತೂ ಅನುಮಾನ ಬರಲಿಲ್ಲ. ಪ್ರಾರ್ಥನೆ ಮುಗಿಸಿ ಬಂದರೂ ನಮ್ಮ ಓಣಿ ಊರ ಹೊರಗೇ ಇತ್ತು. ಹಾಸ್ಟೆಲ್ ಸೀಟು ತಪ್ಪಬಾರದೆಂದು ಅಪ್ಪ ಒಂದು ಹೆಸರು ಬರೆಸಿದ. ಸುಳ್ಳು ನನ್ನದೋ, ನನ್ನಿಂದ ಅದನ್ನು ಹೇಳಿಸಿದ ವ್ಯವಸ್ಥೆಯದೋ? ಎದುರಿಗೆ ಎರಡು ಹೆಸರಿನ ಮಕ್ಕಳು ಇನ್ನೂ ಕೂತಿರುವಾಗ ಮಾರಲ್ ಸೈನ್ಸ್ ಪುಸ್ತಕದಲ್ಲಿ ಅದಕ್ಕೊಂದು ಪುಟ ಇರಲಿಲ್ಲ. 2016ರಲ್ಲಿ ಭಾರತದ ಕಥೋಲಿಕ ಬಿಷಪ್ಪರು ದಲಿತರ ಕುರಿತ ತಮ್ಮ ನೀತಿಯನ್ನು ಪ್ರಕಟಿಸಿ, ಸಭೆಯ ಸುಮಾರು 1 ಕೋಟಿ 90 ಲಕ್ಷ ಜನರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರು, ಸಭೆಯೊಳಗೂ ಅಸ್ಪೃಶ್ಯತೆ ಇದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡರು. ಆ ಪುಟಗಳನ್ನು ಓದಿದ ರಾತ್ರಿ ನನಗೆ ಅಳು ಬಂತು. ನಮ್ಮ ತರಗತಿಗೆ ಬೇಕಾಗಿದ್ದ ಪಾಠ ಅಲ್ಲಿ ಸಿಕ್ಕಿತು ಅನಿಸಿತು.

ಅಂದಿನಿಂದ ನಾನು ಪುಸ್ತಕ ಬದಿಗಿಟ್ಟು ಕಥೆ ಹೇಳತೊಡಗಿದೆ. ಈ ಸಲದ ಎಂಟನೇ ತರಗತಿ ನನ್ನ ಕೊನೆಯ ತಂಡ. ಅವರಿಗೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಕಥೆ ಹೇಳಿದೆ. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಸಂತೆಪೇಟೆಗೆ ಹೋಗಿ ದಿನಕ್ಕೊಂದು ಬೆಳ್ಳಿನಾಣ್ಯದಂತೆ ಕೂಲಿ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತಿರುತ್ತಾರೆ, ಯಾರೂ ನಮ್ಮನ್ನು ಕರೆಯಲಿಲ್ಲ ಎನ್ನುತ್ತಾರೆ, ಅವರನ್ನೂ ಕಳಿಸುತ್ತಾನೆ. ಆಗಿನ ಹಗಲಿಗೆ ಹನ್ನೆರಡು ತಾಸಿನ ಲೆಕ್ಕ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಬಟವಾಡೆ ಹೊತ್ತಿಗೆ ಯಜಮಾನ ಎಲ್ಲರಿಗೂ ಒಂದೊಂದು ನಾಣ್ಯವನ್ನೇ ಕೊಡುತ್ತಾನೆ.

ಮುಂದಿನ ಬೆಂಚಿನ ಹುಡುಗ, ಕಿರಾಣಿ ಅಂಗಡಿಯವರ ಮಗ, ಎದ್ದೇ ನಿಂತ. ‘ಇದು ಅನ್ಯಾಯ ಮಿಸ್. ಮುಂಜಾನಿಯಿಂದ ಬಿಸಲಾಗ ದುಡಿದವಗೂ ಅಷ್ಟೇ, ತಾಸು ದುಡಿದವಗೂ ಅಷ್ಟೇ ಅಂದ್ರ ನಾಳಿಗಿ ಮುಂಜಾನಿ ಯಾರ್ ಬರ್ತಾರ್ರಿ?’ ತಕ್ಕಡಿ ಹಿಡಿದು ಬೆಳೆದ ಹುಡುಗ. ಅವನ ಪ್ರಶ್ನೆಯನ್ನು ನಾನು ಕಡಿಮೆ ಎಣಿಸಲಿಲ್ಲ, ಕಥೆಯಲ್ಲಿಯೂ ಬೆಳಗಿನ ಆಳುಗಳು ಅದನ್ನೇ ಕೇಳಿ ಗೊಣಗುತ್ತಾರೆ. ‘ಸಂಜಿತನ ನಿಂತವ್ರು ಮೈಗಳ್ಳರು ಇರ್ತಾರ’ ಎಂದು ಇನ್ಯಾರೋ ಸೇರಿಸಿದರು.

ಕೊನೆಯ ಸಾಲಿನಲ್ಲಿ ಅರ್ಧ ಫೀಸಿನ ಮೇಲೆ ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ಕೂತಲ್ಲಿಂದಲೇ ಹೇಳಿದಳು: ‘ಮೈಗಳ್ಳರಲ್ರಿ ಮಿಸ್. ಯಾರೂ ನಮಗ ಕರೀಲಿಲ್ಲ ಅಂತ ಅಂತಾರಲ್ರಿ ಅವ್ರು. ನಮ್ಮ ಆಯಿಗೂ ಯಾರೂ ಕರಿಯಲ್ರಿ ಈಗ. ಮೊದಲ ಕರೀತಿದ್ರು. ಸಂಜಿತನ ಅಡ್ಡಾದಾಗ ನಿಂತು ಬರ್ತಾಳ. ಕೆಲಸ ಸಿಕ್ಕ ದಿನಕ್ಕಿಂತ ನಿಂತ ದಿನ ಹೆಚ್ಚಿಗಿ ಕಾಲು ಬ್ಯಾನಿ ಆಗ್ತಾವ್ರಿ ಅಕಿಗಿ.’

ಈ ಕಥೆಯ ಮೇಲೆ ನಾನು ಬಾಲ್ಯದಿಂದ ಎಷ್ಟು ಪ್ರಸಂಗ ಕೇಳಿದ್ದೇನೋ. ಎಲ್ಲದರಲ್ಲೂ ತೋಟ ಅಂದರೆ ಪರಲೋಕರಾಜ್ಯ, ಯಜಮಾನ ಅಂದರೆ ದೇವರು, ಸಂಜೆ ಬಂದವನು ಅಂದರೆ ತಡವಾಗಿ ತಿರುಗಿಕೊಂಡ ಪಾಪಿ. ಆ ಅರ್ಥ ತಪ್ಪೆಂದು ಹೇಳುವ ಓದು ನನಗಿಲ್ಲ. ಆದರೆ ನಿಲ್ಲುವುದೂ ಒಂದು ದುಡಿಮೆ ಎಂದು ಯಾವ ಪಾದ್ರಿಯೂ ನನಗೆ ಹೇಳಿರಲಿಲ್ಲ. ಹನ್ನೊಂದು ವರ್ಷ ಅಡ್ಡಾದ ಮಗ್ಗುಲಲ್ಲಿ ನಿಂತ ನನಗೇ ಅದು ಹೊಳೆದಿರಲಿಲ್ಲ. ಮನೆಯಲ್ಲಿ ಆಯಿಯ, ತನ್ನ ಅಜ್ಜಿಯ, ಕಾಲು ಒತ್ತುವ ಆ ಹುಡುಗಿಗೆ ಗೊತ್ತಿತ್ತು.

ಅದೇ ವಾರ ಲಕ್ಕಮ್ಮನ ಕಥೆಯನ್ನೂ ಹೇಳಿದೆ. ಅದನ್ನು ನನಗೆ ಹೇಳಿದವರು ಭಾಲ್ಕಿಯ ನನ್ನ ಮನೆಯ ಒಡತಿ. ಬಾಡಿಗೆ ಕೇಳಲು ಹೋದಾಗ ‘ಯಾವ ಮಂದಿ ನೀವು’ ಎಂದು ಕೇಳದ ಮೊದಲ ಮನೆ ಅದು. ಅಕ್ಕನ ಬಳಗಕ್ಕೆ ತಪ್ಪದೆ ಹೋಗುತ್ತಿದ್ದ ಆ ತಾಯಿ ಒಂದು ಮಧ್ಯಾಹ್ನ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ಸಿಡಿದು ಬಿದ್ದ ಕಾಳನ್ನು ಬೆರಳ ತುದಿಯಿಂದ ಎತ್ತಿ ಮತ್ತೆ ಮೊರಕ್ಕೆ ಹಾಕುತ್ತ ಹೇಳಿದರು. ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇಬ್ಬರೂ ಕಲ್ಯಾಣದಲ್ಲಿ, ನಮ್ಮ ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅಳೆದು ನೋಡಿ, ಇಂದಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಎರಡೂ ಕಥೆಗಳಲ್ಲಿ ಇರುವುದು ಒಂದೇ ಅಳತೆ: ಒಂದು ದಿನಕ್ಕೆ ಒಂದು ಮನೆಗೆ ಎಷ್ಟು ಬೇಕು? ಯಜಮಾನ ಕೊಡುವ ಕಡೆಯಿಂದ ಅಲ್ಲಿಗೆ ಬರುತ್ತಾನೆ, ಲಕ್ಕಮ್ಮ ತೆಗೆದುಕೊಳ್ಳುವ ಕಡೆಯಿಂದ. ಐದು ಗಂಟೆಗೆ ಬಂದವನ ಮನೆಯಲ್ಲಿ ರಾತ್ರಿ ಉಣ್ಣುವ ಬಾಯಿಗಳು ಹನ್ನೆರಡನೇ ಒಂದು ಭಾಗಕ್ಕೆ ಇಳಿದಿರುವುದಿಲ್ಲ. ಆ ದಿನ ತರಗತಿಯ ಹಿಂದೆ ಬಂದು ಕೂತಿದ್ದ ಕರಾವಳಿಯ ಪಾದ್ರಿಯೊಬ್ಬರು ಲಕ್ಕಮ್ಮನ ಹೆಸರನ್ನು ಬರೆದುಕೊಂಡು ಹೋದರು. ಮುಂದಿನ ಭಾನುವಾರದ ಪ್ರಸಂಗದಲ್ಲಿ ಆ ಹೆಸರು ಬಂತಂತೆ. ಈ ನೆಲದಲ್ಲಿ ನ್ಯಾಯ ಕಲಿಸಲು ಬಂದವರು ಈ ನೆಲದ ನ್ಯಾಯವನ್ನು ಕಲಿತುಕೊಂಡರೆ ಪಾಠ ಬೇರಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ನಮ್ಮ ಶಾಲೆಗಳು ದಾನವನ್ನು ಚೆನ್ನಾಗಿ ಕಲಿಸುತ್ತವೆ. ಡಿಸೆಂಬರ್ ಬಂದರೆ ತರಗತಿಗೊಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಅಕ್ಕಿ, ಸಕ್ಕರೆ, ಹಳೆ ಬಟ್ಟೆ. ಔರಾದ್ ಕಡೆ ಇದ್ದಾಗಿನ ಒಂದು ದೃಶ್ಯ ನನ್ನ ಕಣ್ಣಿಂದ ಹೋಗಿಲ್ಲ. ಪಟ್ಟಣದ ಯಾವುದೋ ಶಾಲೆಯ ಮಕ್ಕಳು ವ್ಯಾನಿನಲ್ಲಿ ಬಂದು ಬಟ್ಟೆ, ಬಿಸ್ಕೀಟು ಹಂಚಿ ಫೋಟೋ ತೆಗೆಸಿಕೊಂಡು ಹೋಗಿದ್ದರು. ವಾರದ ಮೇಲೆ ತಾಂಡಾದ ದಾರಿಯಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಆಡು ಕಾಯುತ್ತಿದ್ದಳು. ಮೈಮೇಲೆ ನೀಲಿ ಪಿನಾಫೋರ್, ಆ ಶಾಲೆಯ ಹಳೆಯ ಯೂನಿಫಾರ್ಮು. ಒಂದು ಗುಂಡಿಯ ಜಾಗದಲ್ಲಿ ಪಿನ್ನು. ಎದೆಯ ಮೇಲೆ ಶಾಲೆಯ ಲಾಂಛನ ಹಾಗೇ ಇತ್ತು, ಅದರ ಕೆಳಗೆ ಪ್ರೀತಿ ಮತ್ತು ಸೇವೆ ಎಂಬರ್ಥದ ಎರಡು ಇಂಗ್ಲಿಷ್ ಪದ. ಅವಳಿಗೆ ಓದಲು ಬರುತ್ತಿರಲಿಲ್ಲ. ಆ ಯೂನಿಫಾರ್ಮು ತೊಟ್ಟು ಆ ಶಾಲೆಯ ಗೇಟಿನೊಳಗೆ ಅವಳು ಎಂದೂ ಹೋಗಲಾರಳು. ಬಟ್ಟೆ ಕೊಟ್ಟ ಮಗು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಬಟ್ಟೆಗೂ ಬೆಂಚಿಗೂ ಇರುವ ಅಂತರವನ್ನು ಆ ಮಗುವಿಗೆ ಯಾರೂ ತೋರಿಸಿರಲಿಲ್ಲ.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಕಡೆ ಕೂಸಿಗೂ ಗೊತ್ತು. ಬೋರ್ಡು ಏನಾದರೂ ಹೇಳಲಿ, ಒಳಗೆ ನಡೆಯಬೇಕಾದ್ದು ನಡೆಯುತ್ತಿತ್ತು. ಆ ಪಿನಾಫೋರ್ ನೋಡಿದಾಗ ಅದು ನೆನಪಾಗಿ ನನಗೆ ನಮ್ಮ ಬೋರ್ಡುಗಳ ಚಿಂತೆ ಹತ್ತಿತು.

ಗೇಟಿನ ಮಾತು ಕಾನೂನಿಗೂ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಪ್ರಮತಿ ಪ್ರಕರಣದಲ್ಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿ ದೊಡ್ಡ ಪೀಠ ನೋಡಲಿ ಎಂದರು. 2014ರಲ್ಲಿ ನಾನು ಭಾಲ್ಕಿಯಲ್ಲಿದ್ದೆ. ಸ್ಟಾಫ್‌ರೂಮಿನಲ್ಲಿ ಹಲವರು ಸಮಾಧಾನದ ನಿಟ್ಟುಸಿರು ಬಿಟ್ಟರು. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೇ ವಿಧಿ ಬೇಕೇ ಬೇಕು, ಸಣ್ಣ ಸಮುದಾಯದಲ್ಲಿ ಹುಟ್ಟಿದ ನನಗೆ ಅದರ ಬೆಲೆ ಗೊತ್ತು. ಸರ್ಕಾರದ ಹಣ ವೇಳೆಗೆ ಬಾರದೆ ಸಣ್ಣ ಶಾಲೆಗಳು ಪಡುವ ಪಾಡೂ ಗೊತ್ತು. ಆದರೆ ಕಾನೂನು ಬಲವಂತ ಮಾಡದಿದ್ದಾಗ ನಾವೇನು ಮಾಡುತ್ತೇವೆ ಎಂಬುದರಲ್ಲಿ ನಮ್ಮ ಧರ್ಮ ಕಾಣಬೇಕಲ್ಲವೇ? 25ರ ಜಾಗದಲ್ಲಿ 30 ಮಕ್ಕಳನ್ನು ಒಳಗೆ ತಂದುಕೊಳ್ಳಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಬಿಷಪ್ಪರ 2007ರ ಶಿಕ್ಷಣ ನೀತಿ ಬಡವರಿಗೆ, ದಲಿತರಿಗೆ ಮೊದಲ ಆದ್ಯತೆ ಎಂದೇ ಹೇಳುತ್ತದೆ.

ಸದ್ದಿಲ್ಲದೆ ಫೀಸು ಮಾಫಿ ಮಾಡುವ ಸಿಸ್ಟರುಗಳು ಎಲ್ಲ ಕಡೆ ಇದ್ದಾರೆ, ಅವರ ಋಣ ದೊಡ್ಡದು. ಆದರೂ ಮಾಫಿ ಕೇಳಲು ಬಂದ ತಂದೆ ಆಫೀಸಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು. ಕುರ್ಚಿ ಖಾಲಿಯಿದ್ದರೂ ಅವನು ಕೂರುವುದಿಲ್ಲ. ಅವನು ನಿಂತ ರೀತಿ ನನಗೆ ಪರಿಚಿತ. ಹಕ್ಕಿದ್ದವನು ಹಾಗೆ ನಿಲ್ಲುವುದಿಲ್ಲ.

ಒಂದು ವರ್ಷ ಮಕ್ಕಳಿಗೆ ‘ದಿನದ ಲೆಕ್ಕ’ ಎಂಬ ಪ್ರಾಜೆಕ್ಟ್ ಕೊಟ್ಟೆ. ಐದು ಜನರ ಮನೆಗೆ ಒಂದು ದಿನಕ್ಕೆ ಎಷ್ಟು ಬೇಕು? ಜೋಳದ ಹಿಟ್ಟು, ತೊಗರಿಬೇಳೆ, ಎಣ್ಣೆ, ಮೂವತ್ತು ದಿನಕ್ಕೆ ಹಂಚಿದ ಬಾಡಿಗೆ ಮತ್ತು ಗ್ಯಾಸು, ಆಟೋ, ಬಿ.ಪಿ. ಮಾತ್ರೆ. ಮಕ್ಕಳು ಅಂಗಡಿಗಳಿಗೆ ಹೋದರು, ಮನೆಯಲ್ಲಿ ಕೇಳಿದರು. ಆಮೇಲೆ ನಾನು ಹೇಳದಿದ್ದರೂ ಮೂವರು ಹೋಗಿ ನಮ್ಮ ಶಾಲೆಯ ಆಯಾಳನ್ನು ಕೇಳಿದರು: ‘ಅಮ್ಮಾ, ನಿಮಗ ತಿಂಗಳಿಗಿ ಎಷ್ಟ್ ಕೊಡ್ತಾರ?’ ಆಕೆ ಹೇಳಿದಳು. ಮಕ್ಕಳು ಅದನ್ನು ಮೂವತ್ತರಿಂದ ಭಾಗಿಸಿ ಚಾರ್ಟಿನ ಮೇಲೆ ಬರೆದರು. ಚಾರ್ಟು ಒಂದು ದಿನವೂ ಗೋಡೆಯ ಮೇಲೆ ಇರಲಿಲ್ಲ. ನನ್ನನ್ನು ಕರೆದು, ಮಕ್ಕಳ ತಲೆಯಲ್ಲಿ ಏನೇನೋ ತುಂಬಬೇಡಿ ಎಂದರು. ನನ್ನಿಂದ ಆಯಾಳ ಕೆಲಸ ಹೋದೀತೆಂದು ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕೆಲಸ ಹೋಗಲಿಲ್ಲ. ಸಂಬಳ ಆ ವರ್ಷ ಏರಲೂ ಇಲ್ಲ.

ಆಗ ಹಿರಿಯ ಪಾದ್ರಿಯೊಬ್ಬರು ನನಗೊಂದು ಭಾಷಣ ಓದಲು ಕೊಟ್ಟರು. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಯೇಸುಸಭೆಯ ಮುಖ್ಯಸ್ಥ ಪೇದ್ರೊ ಅರೂಪೆ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ಆಡಿದ್ದು. ನಿಮ್ಮನ್ನು ನಾವು ನ್ಯಾಯಕ್ಕಾಗಿ ಬೆಳೆಸಿದೆವೇ ಎಂದು ಅವರು ತಾವೇ ಕೇಳಿಕೊಂಡು, ಇಲ್ಲ ಎಂದು ತಾವೇ ಉತ್ತರಿಸಿದರು. ಕೇಳಿದವರಲ್ಲಿ ಕೆಲವರಿಗೆ ಸಿಟ್ಟು ಬಂತು. ಅಷ್ಟೊಂದು ಶಾಲೆಗಳ ಹಿಂದೆ ನಿಂತ ಒಬ್ಬ ಮನುಷ್ಯ ಅಷ್ಟು ನೇರ ‘ಇಲ್ಲ’ ಹೇಳಬಹುದಾದರೆ ಒಂದು ಚಾರ್ಟಿಗೆ ನಾವು ಯಾಕೆ ಅಂಜಬೇಕು ಎಂದು ಆ ಪಾದ್ರಿಯನ್ನು ಕೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, ‘ಚಾರ್ಟ್ ಇಟ್ಟಿದ್ದೀರಾ?’ ಎಂದರು. ಇಟ್ಟಿದ್ದೆ.

ಅಂಜಿಕೆಗೆ ಕಾರಣಗಳಿಲ್ಲದೆ ಇಲ್ಲ. 2020ರ ಜನವರಿಯಲ್ಲಿ ನಮ್ಮ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕ ದೇಶದ್ರೋಹದ ಪ್ರಕರಣವಾಯಿತು. ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ತಾಯಿ ಜೈಲು ಕಂಡರು. ಹೈಕೋರ್ಟ್ ಪ್ರಕರಣವನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಆ ಪ್ರಕರಣ ದಾಖಲಾದ ಮೇಲೆ ಊರಿನ ಸ್ಟಾಫ್‌ರೂಮುಗಳಲ್ಲಿ ದನಿ ತಗ್ಗಿತು. ವಾರ್ಷಿಕೋತ್ಸವಕ್ಕೆ ಅಡ್ಡಾದ ಮೇಲೊಂದು ಕಿರುನಾಟಕ ಆಡಿಸಬೇಕೆಂದಿದ್ದ ನಾನೂ ಆ ವರ್ಷ ಹಳ್ಳಿಯ ಕುಣಿತ ಆಡಿಸಿದೆ. ಆ ಹೆದರಿಕೆಗೆ ನಾನು ಇಂದಿಗೂ ನಾಚುತ್ತೇನೆ.

ಈ ಮಾರ್ಚಿನಲ್ಲಿ ನನ್ನ ಕೊನೆಯ ಪ್ರಶ್ನೆಪತ್ರಿಕೆ ತೆಗೆದೆ. ಮಾರಲ್ ಸೈನ್ಸ್‌ಗೆ ಅಂಕಪಟ್ಟಿಯಲ್ಲಿ ಬೆಲೆಯಿಲ್ಲ, ಹೀಗಾಗಿ ಯಾರೂ ಅದನ್ನು ಮೊದಲೇ ತೆಗೆದು ನೋಡುವುದಿಲ್ಲ. ಕೊನೆಯ ಪ್ರಶ್ನೆ ಹತ್ತು ಅಂಕದ್ದು: ‘2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಸಂಜೆ ಐದು ಗಂಟೆಗೆ ಕೆಲಸಕ್ಕೆ ಬಂದವನಿಗೆ ಎಷ್ಟು ಕೊಡಬೇಕು? ಲೆಕ್ಕ ತೋರಿಸಿ.’

ಬಹಳ ಮಕ್ಕಳು 370ನ್ನು ಹನ್ನೆರಡರಿಂದ ಭಾಗಿಸಿದ್ದರು. ಕೆಲವರು ಪೂರ್ತಿ ಕೊಡಬೇಕು, ದೇವರು ಮೆಚ್ಚುತ್ತಾನೆ ಎಂದು ಬರೆದಿದ್ದರು. ಆಯಿಯ ಮೊಮ್ಮಗಳು ಹಿಟ್ಟು, ಬೇಳೆ, ಮಾತ್ರೆ ಎಲ್ಲ ಪಟ್ಟಿ ಮಾಡಿ, 370 ಸಾಲುವುದಿಲ್ಲ ಎಂದು ಬರೆದಿದ್ದಳು.

ಕಿರಾಣಿ ಅಂಗಡಿಯವರ ಮಗನ ಪತ್ರಿಕೆ ಕೊನೆಗೆ ಬಂತು. ಅಂಗಡಿಯ ಖಾತೆ ಪುಸ್ತಕದ ಹಾಗೆ ಸ್ಕೇಲಿನಿಂದ ಗೆರೆ ಎಳೆದು ಎರಡು ಕಾಲಮ್ಮು ಮಾಡಿದ್ದ. ದುಡಿದದ್ದು 1 ತಾಸು. ನಿಂತದ್ದು 11 ತಾಸು. ಒಟ್ಟು 12 ತಾಸು. ಕೊಡತಕ್ಕದ್ದು 370. ಕೆಂಪು ಪೆನ್ನು ಹಿಡಿದು ಇನ್ನೊಮ್ಮೆ ಕೂಡಿ ನೋಡಿದೆ. ಲೆಕ್ಕ ಸರಿಯಾಗಿತ್ತು.